ಬಿಳಿ ಬಣ್ಣದ ಉಪಕಾರ

ಆ ಬೀದಿಯಲ್ಲಿ ಕಾರು ತೊಳೆಯುವುದನ್ನು ಒಂದು ವಿದ್ಯೆಯೆಂದು ತಿಳಿದಿದ್ದವರು ಒಬ್ಬರೇ. ಅವರು ಮೂಲೆಯ ಕನ್ನಡಕದಂಗಡಿಯ ಮಾಲೀಕರು; ಬೀದಿಯವರ ಬಾಯಲ್ಲಿ ಕನ್ನಡಕ ಸಾರ್. ಅವರ ಪ್ರಕಾರ ಉಳಿದವರಾರೂ ಕಾರು ತೊಳೆಯುತ್ತಿರಲಿಲ್ಲ, ತಳ ಹಿಡಿದ ಪಾತ್ರೆಯಂತೆ ತಿಕ್ಕುತ್ತಿದ್ದರು. ಈ ಅಭಿಪ್ರಾಯವನ್ನು ಅವರು ಮನಸ್ಸಿನಲ್ಲೇ ಇಟ್ಟುಕೊಂಡವರಲ್ಲ. ಎದುರುಮನೆಯ ಬ್ಯಾಂಕಿನವರು ಭಾನುವಾರ ಬೆಳಿಗ್ಗೆ ನೆಲ ಒರೆಸುವ ಬಟ್ಟೆಯನ್ನೇ ಬಾನೆಟ್ಟಿನ ಮೇಲೆ ಎಳೆದಾಡುವಾಗ ಗೇಟಿಗೆ ಬಂದು ನಿಂತು, ಅವರಿಗೆ ಕೇಳುವಷ್ಟು ಗಟ್ಟಿಯಾಗಿ ನಿಟ್ಟುಸಿರು ಬಿಡುತ್ತಿದ್ದರು.

ಆ ನಿಟ್ಟುಸಿರು ಅಡುಗೆಮನೆಯಲ್ಲಿದ್ದ ಹೆಂಡತಿಗೂ ಕೇಳುತ್ತಿತ್ತು. ಆಕೆಗೆ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಖಾಲಿ ಹೊಟ್ಟೆಯಲ್ಲಿ ಬರುವವರಿಗಾಗಿ ಲ್ಯಾಬಿನ ಬಾಗಿಲನ್ನು ಬೆಳಕು ಹರಿಯುವ ಮೊದಲೇ ತೆರೆಯಬೇಕು. ಅದರ ಬೀಗ ತೆಗೆಯುವವಳು ಆಕೆಯೇ. ಅಷ್ಟು ಬೇಗ ಬಸ್ಸಿರುವುದಿಲ್ಲ. ಹಾಗಾಗಿ ಸೇತುವೆ ದಾಟಿ, ಮಾರ್ಕೆಟ್ಟಿನ ಹಿಂಬದಿಯ ಓಣಿಯಲ್ಲಿ, ಕಸದ ಗುಡ್ಡೆಗಳನ್ನು ಕಾಯುವ ನಾಯಿಗಳ ಕಣ್ಣು ತಪ್ಪಿಸಿ ನಡೆದೇ ಹೋಗುತ್ತಿದ್ದಳು. ಡ್ರೈವಿಂಗ್ ಲೈಸೆನ್ಸು ಕೈಚೀಲದಲ್ಲಿ ಭದ್ರವಾಗಿತ್ತು. ಕಾರು ಶೆಡ್ಡಿನಲ್ಲಿ ಹೊದಿಕೆ ಹೊದ್ದು ಸುಖನಿದ್ದೆಯಲ್ಲಿತ್ತು. ಅಂಗಡಿ ಮನೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿದ್ದುದರಿಂದ ಯಜಮಾನರಿಗೆ ಆ ಕಾರಿನಿಂದ ಆಗಬೇಕಾದ ಕೆಲಸವೇನೂ ಇರಲಿಲ್ಲ, ಅದನ್ನು ತೊಳೆಯುವುದೊಂದನ್ನು ಬಿಟ್ಟರೆ.

ಕೀ ಕೊಡಿ ಎಂದು ಆಕೆ ಮೊದಲ ಸಲ ಕೇಳಿದಾಗ ಅವರು ಇಲ್ಲವೆನ್ನಲಿಲ್ಲ. ಇಲ್ಲವೆನ್ನುವುದು ಒರಟರ ರೀತಿ. ಮೊದಲು ತೊಳೆಯುವುದನ್ನು ಕಲಿ, ತೊಳೆಯಲು ಬಾರದವರಿಗೆ ಓಡಿಸುವ ಯೋಗ್ಯತೆ ಇಲ್ಲ ಎಂದರು. ಆಕೆ ಕಲಿತಳು. ಬಿಸಿಲಿನಲ್ಲಿ ನಿಂತ ಕಾರಿಗೆ ನೀರು ಹಾಕಬಾರದು. ನೆರಳಿಗೆ ತಂದು, ಬಾನೆಟ್ಟು ತಣ್ಣಗಾಗುವವರೆಗೆ ಕಾಯಬೇಕು. ಮೊದಲು ಬರೀ ನೀರು ಹಾಯಿಸಿ ಧೂಳನ್ನು ಇಳಿಸಬೇಕು, ಆಮೇಲಷ್ಟೇ ಬಟ್ಟೆ ಮುಟ್ಟಿಸಬೇಕು. ಬಕೆಟ್ಟುಗಳು ಎರಡು: ಒಂದರಲ್ಲಿ ಸೋಪಿನ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸುವ ನೀರು. ಮೇಲಿನಿಂದ ಕೆಳಕ್ಕೆ, ನೇರ ಗೆರೆಯಲ್ಲಿ ಮಾತ್ರ ಕೈ ಆಡಬೇಕು. ಚಕ್ರಗಳ ಬಟ್ಟೆ ಬೇರೆ, ಅದು ಅಪ್ಪಿತಪ್ಪಿಯೂ ಮೇಲಕ್ಕೆ ಬರಕೂಡದು. ಪಾತ್ರೆ ಸೋಪಿನ ಹೆಸರನ್ನೇ ಎತ್ತಬಾರದು. ಕೈ ಜಾರಿ ನೆಲಕ್ಕೆ ಬಿದ್ದ ಬಟ್ಟೆ ಮತ್ತೆ ಕಾರಿಗೆ ಸಲ್ಲುವುದಿಲ್ಲ. ಅದರಲ್ಲಿ ಹೊಕ್ಕ ಒಂದು ಮರಳಿನ ಕಣ ಸಾಕು, ಬಣ್ಣ ಗೀರಲು.

ಇಷ್ಟನ್ನೂ ಆಕೆ ಒಂದೇ ತಿಂಗಳಲ್ಲಿ ಅರಗಿಸಿಕೊಂಡಳು. ಆಮೇಲೆ ಪ್ರತಿ ಭಾನುವಾರ ಪರೀಕ್ಷೆ. ಪ್ರತಿ ಭಾನುವಾರ ನಪಾಸು. ಹೇಳಲು ಬೇರೆ ತಪ್ಪು ಉಳಿಯದಿದ್ದಾಗ ಅವರು ಕೊನೆಗೆ ಒಂದು ಮಾತು ಕಂಡುಕೊಂಡರು.

"ಎಲ್ಲಾ ಸರಿ. ಆದ್ರೆ ನಿನ್ನ ಕೈ ಭಾರ."

ಹಾಲುಗಲ್ಲದ ಕೂಸಿನ ತೋಳಿನಿಂದ ಕೂಸು ಎಚ್ಚರಾಗುವ ಮೊದಲೇ ರಕ್ತ ತೆಗೆದು ಹತ್ತಿ ಒತ್ತುವ ಕೈ ಅದು. ಸೂಜಿ ಚುಚ್ಚಿದ್ದೇ ತಿಳಿಯಲಿಲ್ಲ ಎಂದು ಹೇಳಿ ಹೋಗುವವರು ದಿನಕ್ಕೆ ಎಷ್ಟೋ ಮಂದಿ. ಆಕೆ ಬಟ್ಟೆ ಹಿಂಡಿ ಒಣಹಾಕಿ ಒಳಗೆ ಹೋದಳು. ಆಕೆ ಗಂಡನನ್ನು ದ್ವೇಷಿಸುತ್ತಿದ್ದಳೆಂದು ಯಾರೂ ತಿಳಿಯಬಾರದು. ದ್ವೇಷಕ್ಕೂ ಒಂದಿಷ್ಟು ಶ್ರದ್ಧೆ ಬೇಕಾಗುತ್ತದೆ. ಅಂದಿನಿಂದ ಅವರು ಮಾತನಾಡುವಾಗ ಆಕೆಯ ದೃಷ್ಟಿ ಅವರ ಕಿವಿಯ ಪಕ್ಕದಲ್ಲಿ, ಗೋಡೆಯ ಮೇಲೆ ನಿಲ್ಲತೊಡಗಿತು, ಅಷ್ಟೆ.

ಭಾನುವಾರದ್ದು ತೊಳೆಯುವುದಾಯಿತು. ಉಳಿದ ದಿನಗಳಿಗೆ ಅವರು ಇನ್ನೊಂದು ಸೇವೆಯನ್ನು ಇಟ್ಟುಕೊಂಡಿದ್ದರು. ಬೆಳಿಗ್ಗೆ ಎದ್ದವರೇ ಹೊದಿಕೆ ಸರಿಸಿ, ಅಂಗಡಿಯಿಂದ ತಂದ ಹಳದಿ ಬಟ್ಟೆಯಲ್ಲಿ, ಕನ್ನಡಕದ ಗಾಜು ಒರೆಸುವ ಆ ನುಣುಪು ಬಟ್ಟೆಯಲ್ಲಿ, ಕಾರಿನ ಮೈಯನ್ನೆಲ್ಲ ಒರೆಸುತ್ತಿದ್ದರು. ಬಾಗಿ "ಹಾ" ಎಂದು ಉಸಿರು ಬಿಟ್ಟು, ಹೆಬ್ಬೆರಳಿನ ಕೆಳಗೆ ಬಟ್ಟೆಯನ್ನು ಮಡಿಸಿ ಹಿಡಿದು, ಸಣ್ಣ ಸಣ್ಣ ಸುತ್ತು. ಜೀವಮಾನವಿಡೀ ಗಾಜು ಒರೆಸಿದ ಕೈ. ಅದಕ್ಕೆ ಗೊತ್ತಿದ್ದದ್ದು ಆ ಸುತ್ತೊಂದೇ. ಅಂಗಿಯ ತುದಿಯಲ್ಲಿ ಕನ್ನಡಕ ಒರೆಸಿಕೊಳ್ಳುವ ಗಿರಾಕಿಗಳಿಗೆ ಅಂಗಡಿಯಲ್ಲಿ ಅವರು ಮಾಡುತ್ತಿದ್ದ ಮಂಗಳಾರತಿಯನ್ನು ಊರೇ ಬಲ್ಲದು. ಇಂಥವರ ಕಾರು ಬೇರೆ ಹೇಗಿರಲು ಸಾಧ್ಯ? ಬಿಳಿಯ ಕಾರು. ಇಷ್ಟು ವರ್ಷವಾದರೂ ಒಂದೇ ಒಂದು ಗೀರಿಲ್ಲ. ಈ ಮಾತನ್ನು ಹೇಳದೆ ಅವರು ಯಾವ ಅತಿಥಿಯನ್ನೂ ಗೇಟು ದಾಟಲು ಬಿಟ್ಟದ್ದಿಲ್ಲ.

ಹೀಗಿರುವಾಗ ಹೆಂಡತಿಯ ತಮ್ಮ ಕಾರು ಕೊಂಡ. ಟೈಲ್ಸ್ ವ್ಯಾಪಾರದವನು, ಮಾತು ಜೋರು, ನಗು ಇನ್ನೂ ಜೋರು. ಕಾರಿನ ಬಣ್ಣ ಕಪ್ಪು. ಶೋರೂಮಿನಿಂದ ನೇರವಾಗಿ ಅಕ್ಕನ ಮನೆಯ ಮುಂದೆ ತಂದು ನಿಲ್ಲಿಸಿದ. ಭಾವನವರು ಕೊರಳಿನ ದಾರದಲ್ಲಿ ತೂಗುತ್ತಿದ್ದ ಓದುವ ಕನ್ನಡಕವನ್ನು ಏರಿಸಿಕೊಂಡು, ಬಿಸಿಲಿನಲ್ಲೇ ಕಾರಿಗೆ ಒಂದು ಸುತ್ತು ಬಂದರು. ಗೀರೇನೂ ಇಲ್ಲ, ಚೆನ್ನಾಗಿದೆ ಎಂದು ಒಪ್ಪಿಕೊಂಡು, ಆದರೆ ಕಪ್ಪು ಬಣ್ಣವೆಂದರೆ ಎಲ್ಲರಿಗೂ ದಕ್ಕುವಂಥದ್ದಲ್ಲ, ನಿನ್ನಂಥವನ ಕೈಗೆ ಸಿಕ್ಕರೆ ಆರು ತಿಂಗಳಲ್ಲಿ ಹಂಚಿನ ತಳವಾಗುತ್ತದೆ ಎಂದು ಮೂಗು ಮುರಿದರು.

"ನಿಮ್ಮದು ಓಡ್ಸೋಕಾ ಭಾವ, ಶೋಕೇಸಲ್ಲಿ ಇಡೋಕಾ?" ಎಂದ ತಮ್ಮ.

ಎದುರುಮನೆಯ ಬ್ಯಾಂಕಿನವರು ಗಿಡಕ್ಕೆ ನೀರು ಹಾಕುವ ನೆಪದಲ್ಲಿ ನಿಂತಿದ್ದರು. ಅವರು ನಕ್ಕರು. ಆ ನಗು ಭಾವನವರಿಗೆ ಚುಚ್ಚಿತು. ಮಾತಿಗೆ ಮಾತು ಬೆಳೆಯಿತು. ತಾನು ಹತ್ತು ದಿನ ಪರವೂರಿಗೆ ಹೋಗಬೇಕಾಗಿದೆ, ಕಾರು ಇಲ್ಲೇ ಇರಲಿ, ವಾಪಸು ಬಂದಾಗಲೂ ಒಂದು ಗೀರಿಲ್ಲದಿದ್ದರೆ ಈ ಜನ್ಮದಲ್ಲಿ ಭಾವನ ಮುಂದೆ ಕಾರಿನ ಸುದ್ದಿ ಎತ್ತುವುದಿಲ್ಲ ಎಂದು ತಮ್ಮ ಪಂಥ ಕಟ್ಟಿದ.

"ಇದ್ರೆ?" ಎಂದಳು ಆಕೆ, ಬಾಗಿಲಲ್ಲಿ ನಿಂತು.

ಯಜಮಾನರು ಬ್ಯಾಂಕಿನವರ ಕಡೆ ಒಮ್ಮೆ ನೋಡಿ, ಅವರಿಗೂ ಮುಟ್ಟುವ ಹಾಗೆ ಹೇಳಿದರು. "ಒಂದೇ ಒಂದು ಗೀರು ಇದ್ರೂ ನನ್ನ ಕಾರಿನ ಕೀ ನಿನ್ನ ಕೈಗೆ. ಸಾಕಾ?"

ಸಾಕು ಎಂದಳು ಆಕೆ.

ಕಪ್ಪು ಕಾರು ಶೆಡ್ಡು ಸೇರಿತು. ಬಿಳಿಯದು ಹೊದಿಕೆ ಸಮೇತ ಅಂಗಳದ ಅಂಚಿಗೆ ಬಂತು. ಆ ದಿನಗಳಲ್ಲಿ ಬೀದಿಯಲ್ಲಿ ಪೈಪು ಹಾಕಲು ರಸ್ತೆ ಅಗೆದಿದ್ದರು. ಕಿಟಕಿ ಮುಚ್ಚಿದರೂ ಊಟದ ತಟ್ಟೆಯ ಮೇಲೆ ಧೂಳು ಕೂರುತ್ತಿತ್ತು. ಯಜಮಾನರು ಅದನ್ನು ವೈಯಕ್ತಿಕ ಸವಾಲೆಂದು ಸ್ವೀಕರಿಸಿದರು. ಭಾನುವಾರದ ಸ್ನಾನ ನಿಯಮದಂತೆ ನಡೆಯಿತು: ನೆರಳು, ಎರಡು ಬಕೆಟ್ಟು, ನೇರ ಗೆರೆ, ಒಂದಕ್ಷರ ತಪ್ಪಲಿಲ್ಲ. ಉಳಿದಂತೆ ದಿನವೂ ಬೆಳಿಗ್ಗೆ ಮತ್ತು ಸಂಜೆ ಹಳದಿ ಬಟ್ಟೆ. ಶೆಡ್ಡಿನ ಮಬ್ಬಿನಲ್ಲಿ ಕಾರು ಕೊಳದ ನೀರಿನಂತೆ ಹೊಳೆಯುತ್ತಿತ್ತು. ಬೀದಿಯವರನ್ನು ಕರೆದು ತೋರಿಸಿದರು. ಅಂಗಡಿಗೆ ಬಂದ ಗಿರಾಕಿಗಳಿಗೂ ವರದಿ ಒಪ್ಪಿಸಿದರು.

ಆಕೆ ಎಂದಿನಂತೆ ಕತ್ತಲಲ್ಲೇ ಹೊರಡುತ್ತಿದ್ದಳು. ಹಿತ್ತಲ ಬಾಗಿಲಿನಿಂದ ಗೇಟಿಗೆ ಬರಲು ಶೆಡ್ಡಿನ ಗೋಡೆಗೂ ಕಾರಿಗೂ ನಡುವಿನ ಸಂದಿಯೇ ದಾರಿ. ಊಟದ ಚೀಲಕ್ಕೆ ಕಬ್ಬಿಣದ ಕೊಂಡಿಯಿತ್ತು. ಚೀಲ ಒಂದಿಷ್ಟು ವಾಲಿದರೆ ಸಾಕು. ಬೆಕ್ಕು ಹತ್ತಿತ್ತೆಂದರೂ ನಂಬುವವರಿದ್ದರು. ಒಂದು ಬೆಳಿಗ್ಗೆ ಆಕೆ ಆ ಸಂದಿಯಲ್ಲಿ ಸ್ವಲ್ಪ ಹೊತ್ತು ನಿಂತದ್ದು ನಿಜ. ಸೇತುವೆ, ಓಣಿ, ನಾಯಿಗಳು ಎಲ್ಲವೂ ಒಮ್ಮೆಲೇ ನೆನಪಾದದ್ದೂ ನಿಜ. ಆದರೆ ಈ ಮನುಷ್ಯನನ್ನು ಸೋಲಿಸಲು ತಾನು ಕಳ್ಳತನಕ್ಕಿಳಿಯಬೇಕೇ ಎನ್ನಿಸಿ, ಅಷ್ಟು ಬೆಲೆ ಅವರಿಗೆ ಕೊಡಲು ಮನಸ್ಸೊಪ್ಪಲಿಲ್ಲ. ಚೀಲವನ್ನು ತಲೆಯ ಮೇಲೆತ್ತಿ ಹಿಡಿದು, ಅಡ್ಡಡ್ಡಲಾಗಿ ಸರಿದು ದಾಟಿದಳು. ಉಳಿದ ದಿನಗಳಲ್ಲೂ ಹಾಗೆಯೇ ದಾಟಿದಳು.

ತಮ್ಮ ಹಿಂದಿರುಗಿದ್ದು ಒಂದು ಸಂಜೆ. ಯಜಮಾನರು ಹೊಸ ಅಂಗಿ ತೊಟ್ಟಿದ್ದರು. ಬ್ಯಾಂಕಿನವರನ್ನೂ ಅವರೇ ಕರೆದಿದ್ದರು. ಶೆಡ್ಡಿನಿಂದ ಕಾರನ್ನು ಹಿಂದಕ್ಕೆ ತೆಗೆದು, ಅಂಗಳದ ನಟ್ಟನಡುವೆ, ಇಳಿಬಿಸಿಲು ಓರೆಯಾಗಿ ಬೀಳುವ ಜಾಗದಲ್ಲಿ ನಿಲ್ಲಿಸಿ, ಬಾಗಿಲು ತೆಗೆದು ಇಳಿದರು. ಇಳಿದವರು ಮೊದಲು ನೋಡಿದ್ದು ಕಾರನ್ನಲ್ಲ, ಬಾಮೈದನ ಮುಖವನ್ನು.

ಆ ಮುಖದಲ್ಲಿ ಬರಬೇಕಾದದ್ದು ಬರಲಿಲ್ಲ.

ಬಾನೆಟ್ಟಿನ ಮೇಲೆ, ಬಾಗಿಲುಗಳ ಮೇಲೆ, ಚಾವಣಿಯ ಅಂಚಿನವರೆಗೆ ಸುತ್ತುಗಳು. ಒಂದರ ಮೇಲೊಂದು ಹೆಣೆದುಕೊಂಡ, ಕೂದಲೆಳೆಗಿಂತ ಸಣ್ಣ ಸುತ್ತುಗಳು ಬಿಸಿಲಿಗೆ ಬೆಳ್ಳಗೆ ಎದ್ದು ನಿಂತಿದ್ದವು.

"ಇದೇನ್ ಭಾವ, ಜೇಡ ಗೀಡ ಸಾಕಿದ್ರಾ?"

ಯಜಮಾನರು ಬಾಗಿ ನೋಡಿದರು. ಧೂಳಿರಬೇಕೆಂದು ಜೇಬಿನಿಂದ ಹಳದಿ ಬಟ್ಟೆ ತೆಗೆದು, "ಹಾ" ಎಂದು ಉಸಿರು ಬಿಟ್ಟು, ಎಲ್ಲರ ಕಣ್ಣೆದುರಿಗೇ ಇನ್ನೊಂದು ಸುತ್ತು ಒರೆಸಿದರು. ಬಟ್ಟೆ ನುಣುಪೇ, ಅದರ ಕೆಳಗೆ ಸಿಕ್ಕಿದ ಧೂಳು ನುಣುಪಲ್ಲ. ಬಟ್ಟೆ ಎತ್ತಿದಾಗ ಹೊಸದೊಂದು ಸುತ್ತು ಹಳೆಯವುಗಳ ಜೊತೆ ಸೇರಿಕೊಂಡಿತ್ತು. ಬ್ಯಾಂಕಿನವರು ಕೆಮ್ಮಿದರು.

ಆಮೇಲೆ ಕಾರಣಗಳು ಹೊರಟವು. ಈಗಿನ ಕಾರುಗಳ ಬಣ್ಣವೇ ಕಳಪೆ. ಕಪ್ಪೆಂದರೆ ಹಾಗೆಯೇ. ಬಿಸಿಲು ಈ ಕೋನದಲ್ಲಿ ಬಿದ್ದರೆ ಯಾವುದೂ ಚೆನ್ನಾಗಿ ಕಾಣುವುದಿಲ್ಲ. ರಸ್ತೆ ಅಗೆದವರನ್ನು ಕೇಳುವವರೇ ಇಲ್ಲ. ಶೋರೂಮಿನಲ್ಲೇ ಇದ್ದಿರಬೇಕು ಎಂದೂ ಶುರು ಮಾಡಿ, ಬಿಸಿಲಿನಲ್ಲಿ ತಾವೇ ಸುತ್ತು ಬಂದು ಕೊಟ್ಟ ತೀರ್ಪು ನೆನಪಾಗಿ ಅರ್ಧಕ್ಕೇ ನಿಲ್ಲಿಸಿದರು. ಆಕೆ ಎಲ್ಲವನ್ನೂ ಮುಗಿಯುವವರೆಗೆ ಕೇಳಿದಳು. ಮುಗಿದ ಮೇಲೆ, ಆ ಕನ್ನಡಕ ಸ್ವಲ್ಪ ಕೊಡಿ ಎಂದು ಅವರ ಕೊರಳಿನಿಂದ ದಾರ ಸಮೇತ ಬಿಡಿಸಿಕೊಂಡಳು. ಬಾನೆಟ್ಟಿಗೆ ತಾಗದಂತೆ, ಕೂದಲಷ್ಟು ಮೇಲೆ, ಒಂದು ಗಾಜನ್ನು ಒಂದು ಸುತ್ತಿನ ಮೇಲೆ ಹಿಡಿದಳು. ಪಕ್ಕದ ಸುತ್ತಿಗೆ ಸರಿಸಿದಳು. ಇನ್ನೊಂದಕ್ಕೆ ಸರಿಸಿದಳು. ಎಲ್ಲಕ್ಕೂ ಗಾಜಿನ ಅಳತೆ ಸರಿಯಾಗಿ ಕೂತಿತು.

"ಅಂಗಡಿ ಮಾಲು," ಎಂದಳು.

ತಮ್ಮನಿಗೆ ನಗು ಬಂದಿತ್ತು. ಅಕ್ಕನ ಮುಖ ನೋಡಿ ನುಂಗಿಕೊಂಡ. ಹೋಗಲಿ ಬಿಡಿ ಭಾವ, ಪಾಲಿಶ್ ಹಾಕಿಸಿದರೆ ಹೋಗುತ್ತಂತೆ, ಇಷ್ಟಕ್ಕೆಲ್ಲ ಬೇಜಾರು ಯಾಕೆ ಎಂದು ಹೆಗಲ ಮೇಲೆ ಕೈಯಿಟ್ಟು ಸಮಾಧಾನ ಹೇಳಿದ. ನಕ್ಕಿದ್ದರೆ ಯಜಮಾನರು ಜಗಳವಾಡಿ ಉಳಿದುಕೊಳ್ಳುತ್ತಿದ್ದರು. ಆ ಸಮಾಧಾನಕ್ಕೆ ಅವರ ಬಳಿ ಮದ್ದಿರಲಿಲ್ಲ.

ಎಲ್ಲರೂ ಹೋದ ಮೇಲೆ ಅವರು ಬಿಳಿ ಕಾರಿನ ಹೊದಿಕೆ ತೆಗೆದರು. ಆಕೆ ಕಿಟಕಿಯಿಂದ ನೋಡುತ್ತಿದ್ದಳು. ನೇರವಾಗಿ ನಿಂತು ನೋಡಿದಾಗ ಕಾರು ಎಂದಿನಂತೆ ನಿಷ್ಕಳಂಕವಾಗಿತ್ತು. ಅವರು ಮೊಣಕಾಲೂರಿ, ಕೆನ್ನೆಯನ್ನು ಬಾಗಿಲಿಗೆ ಹತ್ತಿರ ತಂದು, ಉಳಿದ ಬೆಳಕಿಗೆ ಓರೆಯಾಗಿ ನೋಡಿದರು. ಅಲ್ಲಿಯೂ ಅವೇ ಸುತ್ತುಗಳು, ಇಷ್ಟೂ ವರ್ಷಗಳವು. ಬಿಳಿ ಬಣ್ಣ ಅವರಿಗೆ ಮಾಡಿದ ಉಪಕಾರವನ್ನು ಅವರ ಜೀವನದಲ್ಲಿ ಯಾವ ಮನುಷ್ಯನೂ ಮಾಡಿರಲಿಲ್ಲ, ಅದೂ ಬಾಯಿಬಿಡದೆ.

ಒಳಗೆ ಬಂದು ಕೀಯನ್ನು ಊಟದ ಮೇಜಿನ ಮೇಲಿಟ್ಟರು. ಕೈಗೆ ಎಂದು ಹೇಳಿದ್ದರು. ಆಕೆ ತಟ್ಟೆ ತೊಳೆಯುವುದನ್ನು ನಿಲ್ಲಿಸಿ, ಒದ್ದೆ ಅಂಗೈಯನ್ನು ಚಾಚಿ ಹಿಡಿದು ನಿಂತಳು. ಅವರು ಮತ್ತೆ ಎತ್ತಿ ಅಂಗೈಯಲ್ಲಿಡಬೇಕಾಯಿತು.

"ಗೇಟಿನ ಹತ್ರ ನಿಧಾನ," ಎಂದರು ಗೋಡೆಗೆ.

ಸೇತುವೆಯ ಮೇಲೆ ಕಾರಿನಲ್ಲಿ ಹೋಗುವುದು ಇಷ್ಟು ಚಿಕ್ಕ ಕೆಲಸವೇ ಎಂದು ಮರುದಿನ ಆಕೆಗೆ ಅನ್ನಿಸಿತು. ಓಣಿಯ ನಾಯಿಗಳು ದೀಪ ಕಂಡು ತಾವಾಗಿ ಸರಿದವು. ಅದೇ ವಾರದಲ್ಲಿ, ಗಡಿಬಿಡಿಯಲ್ಲಿ ಹೊರಡುವಾಗ ಗೇಟಿನ ಕಂಬ ಬಲಬಾಗಿಲಿಗೆ ಉಜ್ಜಿತು. ಹಿಂದಿನಿಂದ ಮುಂದಿನವರೆಗೆ ಒಂದು ಗೀರು, ಬೆರಳಿಟ್ಟರೆ ಉಗುರು ಸಿಕ್ಕಿಕೊಳ್ಳುವಷ್ಟು ಆಳ.

ಶಬ್ದ ಕೇಳಿ ಯಜಮಾನರು ಚಪ್ಪಲಿಯನ್ನೂ ಮೆಟ್ಟದೆ ಓಡಿಬಂದರು. ಗೇಟಿನ ದೀಪದಲ್ಲಿ ಗೀರನ್ನು ನೋಡಿದರು. ಎಷ್ಟೋ ದಿನಗಳ ಮೇಲೆ ಅವರ ಮುಖಕ್ಕೆ ಹಳೆಯ ಕಳೆ ಬಂತು. ನಿಟ್ಟುಸಿರು ಎದೆಯಲ್ಲಿ ತುಂಬಿಕೊಳ್ಳುತ್ತಿತ್ತು. ಎದುರುಮನೆಯ ಬಾಗಿಲೂ ತೆರೆಯಿತು.

ಆಕೆ ಇಳಿಯಲಿಲ್ಲ. ಗಾಜು ಇಳಿಸಿ, ಕೈ ಹೊರಚಾಚಿ, ಗೀರಿನ ಮೇಲೆ ಒಮ್ಮೆ ಬೆರಳಾಡಿಸಿದಳು.

"ನಂದು ಕಾಣುತ್ತೆ," ಎಂದು ಗಾಜು ಏರಿಸಿದಳು.