ಕೊಕ್ಕೆಯಣ್ಣ ಮತ್ತು ಹೆದ್ದಾರಿಯ ಗಂಟು

ಅವನಿಗೆ ಕೊಕ್ಕೆಯಣ್ಣ ಎಂಬ ಹೆಸರು ಬಂದದ್ದು ಎರಡು ಕಾರಣಕ್ಕೆ. ಕೆಟ್ಟು ನಿಂತ, ಗುದ್ದಿಕೊಂಡ ವಾಹನಗಳನ್ನು ಕೊಕ್ಕೆ ಹಾಕಿ ಎಳೆದೊಯ್ಯುವ ಲಾರಿ ಅವನದು ಎಂಬುದು ಮೊದಲನೆಯದು. ಯಾರು ಏನೇ ಹೇಳಲಿ, ಅದಕ್ಕೊಂದು ಕೊಕ್ಕೆ ಹಾಕದಿದ್ದರೆ ಅವನಿಗೆ ಉಂಡದ್ದು ಅರಗುತ್ತಿರಲಿಲ್ಲ ಎಂಬುದು ಎರಡನೆಯದು. ನಿಜವಾದ ಕಾರಣ ಎರಡನೆಯದೇ ಎಂದು ಅವನ ಹೆಂಡತಿ ಹೇಳುತ್ತಿದ್ದಳು.

ಊರ ಹೊರಗೆ ಎರಡು ಅಂತರರಾಜ್ಯ ಹೆದ್ದಾರಿಗಳು ಒಂದನ್ನೊಂದು ದಾಟುವ ಜಾಗವಿತ್ತು. ಒಂದು ರಸ್ತೆ ನೆಲದ ಮೇಲೆ, ಇನ್ನೊಂದು ಅದರ ಮೇಲಿನ ಸೇತುವೆಯಲ್ಲಿ. ಒಂದರಿಂದ ಇನ್ನೊಂದಕ್ಕೆ ಹೋಗುವವರಿಗೆ ನಾಲ್ಕು ಮೂಲೆಗಳಲ್ಲೂ ಬಳೆಯಂತೆ ಬಾಗಿದ ಸುತ್ತುದಾರಿಗಳು. ಅವನ ಅಪ್ಪನ ಕಾಲದಲ್ಲಿ ಕಟ್ಟಿದ್ದು. ಆಗ ಜನ ಅದನ್ನು ನೋಡಲೆಂದೇ ಮಕ್ಕಳುಮರಿಗಳನ್ನು ಕಟ್ಟಿಕೊಂಡು ಬರುತ್ತಿದ್ದರಂತೆ. ಈಗ ಅದಕ್ಕೆ ಗಂಟು ಎಂದು ಹೆಸರಾಗಿತ್ತು. ಬೆಳಗ್ಗೆ, ಸಂಜೆ ಅಲ್ಲಿ ಹಾರ್ನುಗಳ ಜಗಳ. ವಾರಕ್ಕೊಮ್ಮೆಯಾದರೂ ಯಾರದ್ದಾದರೂ ಬಂಪರು ಕಿತ್ತು ರಸ್ತೆಗೆ ಬೀಳುತ್ತಿತ್ತು, ಒಮ್ಮೊಮ್ಮೆ ಅದಕ್ಕಿಂತ ಕೆಟ್ಟದ್ದೂ ಆಗುತ್ತಿತ್ತು. ಕೊಕ್ಕೆಯಣ್ಣನ ಹೊಟ್ಟೆಪಾಡಿನ ಅರ್ಧ ನಡೆಯುತ್ತಿದ್ದದ್ದು ಆ ಗಂಟಿನಿಂದಲೇ.

ಅಪಘಾತಗಳ ಬಗ್ಗೆ ಅವನದೊಂದು ಸಿದ್ಧಾಂತವಿತ್ತು. "ರಸ್ತೆ ಯಾರನ್ನೂ ಗುದ್ದಲ್ಲ. ಓಡಿಸೋರಿಗೆ ತಲೆ ಇಲ್ಲ, ಅಷ್ಟೇ." ಎಳೆದು ತಂದ ಪ್ರತಿ ಕಾರಿನ ಒಡೆಯನಿಗೂ ಗ್ಯಾರೇಜಿನವರೆಗೆ ಇದರ ಉಪದೇಶ ಉಚಿತವಾಗಿ ಸಿಗುತ್ತಿತ್ತು.

ಕೊನೆಗೊಮ್ಮೆ ಗಂಟನ್ನು ಒಡೆದು ಹೊಸದಾಗಿ ಕಟ್ಟುವ ಕೆಲಸ ಶುರುವಾಯಿತು. ಹಳೆಯ ಸುತ್ತುದಾರಿಗಳು ಚಾಲೂ ಇರುವಾಗಲೇ ಪಕ್ಕದಲ್ಲಿ ಕಂಬಗಳು ಏಳಬೇಕು. ನಡುವೆ ಒಂದು ವಾಹನ ಕೆಟ್ಟು ನಿಂತರೂ ಎರಡು ರಾಜ್ಯಗಳ ಸಂಚಾರವೇ ನಿಂತುಹೋಗುತ್ತದೆ. ಆದ್ದರಿಂದ ಕಂಪನಿಯವರು ಕೊಕ್ಕೆಯಣ್ಣನ ಲಾರಿಯನ್ನು ಹಗಲಿಡೀ ಅಲ್ಲೇ ಕಾಯಲು ಗೊತ್ತು ಮಾಡಿದರು. ಜೊತೆಯ ಕೆಲಸಗಾರರು ಗೇಲಿ ಮಾಡಿದರು. "ಕೂತ ಕೊಂಬೆ ಕಡಿಯೋಕೆ ಕೂಲಿಗೆ ಹೋಗ್ತಿದೀಯಲ್ಲೋ!"

"ಕಡಿಯೋದು ಹೇಗೆ ಅಂತಾದ್ರೂ ನೋಡ್ತೀನಿ ಬಿಡಿ" ಎಂದ ಕೊಕ್ಕೆಯಣ್ಣ.

ಅಲ್ಲಿನ ಉಸ್ತುವಾರಿ ಒಬ್ಬ ಎಂಜಿನಿಯರಮ್ಮನದು. ಹಳದಿ ಹೆಲ್ಮೆಟ್ಟು ತೆಗೆದದ್ದನ್ನು ಯಾರೂ ನೋಡಿರಲಿಲ್ಲವಾಗಿ ಎಲ್ಲರೂ ಅವಳನ್ನು ಟೋಪಿ ಮೇಡಂ ಎನ್ನುತ್ತಿದ್ದರು. ಮೊದಲ ವಾರವೇ ಕೊಕ್ಕೆಯಣ್ಣ ಅವಳ ಮುಂದೆ ತನ್ನ ಸಿದ್ಧಾಂತ ಬಿಚ್ಚಿದ.

"ಮೇಡಂ, ಇಷ್ಟೊಂದು ಸಿಮೆಂಟು ಸುರಿಯೋ ಬದಲು ನಾಲ್ಕು ಜನಕ್ಕೆ ಗಾಡಿ ಓಡಿಸೋದು ಕಲಿಸಿದ್ರೆ ಆಗ್ತಿತ್ತು."

ಅವಳು ನಗಲಿಲ್ಲ, ಸಿಟ್ಟೂ ಮಾಡಿಕೊಳ್ಳಲಿಲ್ಲ. "ನೀವು ಇಲ್ಲಿ ಎಷ್ಟೋ ಅಪಘಾತ ನೋಡಿದೀರಿ ಅಲ್ವಾ?"

"ನೋಡಿದೀನಾ ಅಂದ್ರೆ? ಅದೇ ನನ್ನ ಕಸುಬು."

"ಆಗೋದನ್ನ ನೋಡಿದೀರಾ? ಆದಮೇಲಿನದನ್ನ ನೋಡಿದೀರಾ?"

ಕೊಕ್ಕೆಯಣ್ಣನನ್ನು ಕರೆಯುತ್ತಿದ್ದದ್ದೇ ಎಲ್ಲ ಮುಗಿದ ಮೇಲೆ. ಗಾಜಿನ ಚೂರು, ಎಣ್ಣೆಯ ಕಲೆ, ಕೈ ತೋರಿಸಿ ಬೈದಾಡುವ ಇಬ್ಬರು. ಅದಕ್ಕಿಂತ ಒಂದು ಕ್ಷಣ ಮೊದಲು ಅಲ್ಲಿ ಏನಿತ್ತು ಎಂಬುದನ್ನು ಅವನು ಒಮ್ಮೆಯೂ ಕಂಡಿರಲಿಲ್ಲ.

"ಬನ್ನಿ ಮೇಲೆ" ಎಂದಳು ಟೋಪಿ ಮೇಡಂ.

ಬೀದಿದೀಪ ಸರಿಪಡಿಸುವ ಏಣಿಗಾಡಿಯ ತೊಟ್ಟಿಯಲ್ಲಿ ಇಬ್ಬರೂ ನಿಂತರು. ತೊಟ್ಟಿ ಏರಿತು. ಹಳ್ಳಕ್ಕೆ ಬಿದ್ದ ಲಾರಿಗಳನ್ನು ನಿರಾಳವಾಗಿ ಮೇಲೆತ್ತುತ್ತಿದ್ದ ಮನುಷ್ಯ ತಾನೇ ಮೇಲೇರುವಾಗ ಕಂಬಿಯನ್ನು ಬಿಗಿಯಾಗಿ ಹಿಡಿದು ಕಣ್ಣು ಮುಚ್ಚಿಕೊಂಡ. ತೆರೆದಾಗ ಗಂಟು ಅಂಗೈಯ ಮೇಲಿನ ಗೆರೆಗಳಂತೆ ಕೆಳಗೆ ಹರಡಿತ್ತು.

"ಸೇತುವೆ ಕೆಳಗಿನ ಆ ತುಂಡು ನೋಡಿ" ಎಂದು ಅವಳು ಬೆರಳು ತೋರಿಸಿದಳು. "ಆ ಸುತ್ತಿನಿಂದ ಇಳಿದೋರು ಹೆದ್ದಾರಿಯೊಳಗೆ ನುಗ್ಗಬೇಕು. ಹೆದ್ದಾರಿಲಿ ಬರ್ತಿರೋರು ಮುಂದಿನ ಸುತ್ತು ಹಿಡಿಯೋಕೆ ಹೊರಗೆ ಬರಬೇಕು. ಇಬ್ಬರಿಗೂ ಇರೋದು ಅದೊಂದೇ ಜಾಗ. ಕಟ್ಟಿದಾಗ ಗಾಡಿ ಕಡಿಮೆ, ವೇಗ ಕಡಿಮೆ. ನಡೀತು. ಈಗ?"

ಅವನು ನೋಡಿದ. ಬಂದ ವಾಹನಗಳೂ ಹೊರಟ ವಾಹನಗಳೂ ಕತ್ತರಿಯ ಎರಡು ಅಲಗುಗಳಂತೆ ಒಂದನ್ನೊಂದು ಹಾಯುತ್ತಿದ್ದವು. ಜೋರಾಗಿ ಬಂದವರು ಹೇಗೋ ತೂರಿಕೊಂಡು ಪಾರಾಗುತ್ತಿದ್ದರು. ಸಿಕ್ಕಿಬೀಳುತ್ತಿದ್ದವರು ಹುಷಾರಿನವರು. ಒಂದು ಬೂದು ಬಣ್ಣದ ಕಾರು ನಿಧಾನವಾಗಿ, ದೀಪ ಮಿನುಗಿಸುತ್ತ, ಸಭ್ಯವಾಗಿ ಸುತ್ತಿನಿಂದ ಇಳಿಯಿತು. ಒಳಗೆ ಹೋಗಲು ಜಾಗವಿಲ್ಲ, ಮುಂದೆ ದಾರಿ ಮುಗಿಯುತ್ತಿದೆ. ಅದು ಬ್ರೇಕ್ ಹಾಕಿತು. ಹಿಂದಿನ ಲಾರಿ ಕಿರುಚಿಕೊಂಡು ಒಂದು ಮೊಳ ಬಿಟ್ಟು ನಿಂತಿತು. ಬೂದು ಕಾರಿನವರು ಯಾವ ತಪ್ಪನ್ನೂ ಮಾಡಿರಲಿಲ್ಲ.

ಆ ಕಾರನ್ನು ನೋಡುತ್ತಿದ್ದಂತೆ ಕೊಕ್ಕೆಯಣ್ಣನಿಗೆ ತನ್ನ ತಂಗಿಯ ನೆನಪಾಯಿತು. ಹಲವು ವರ್ಷಗಳ ಹಿಂದೆ, ಅದೇ ತುಂಡಿನಲ್ಲಿ, ಅವಳ ಪುಟ್ಟ ಕಾರಿನ ಬೆನ್ನು ಜಜ್ಜಿಹೋಗಿತ್ತು. ಪೆಟ್ಟೇನೂ ಆಗಿರಲಿಲ್ಲ. ಕಾರನ್ನು ಎಳೆದು ತಂದದ್ದು ಇವನೇ. ಪಕ್ಕದ ಸೀಟಿನಲ್ಲಿ ಕೂತ ಅವಳು "ನಾನು ನಿಧಾನವಾಗೇ ಬರ್ತಿದ್ದೆ ಅಣ್ಣ" ಎಂದು ಒಂದು ಸಲ ಹೇಳಿದ್ದಳು. "ನಿಧಾನವಾಗಿ ಬಂದೋರಿಗೆ ಹೀಗಾಗಲ್ಲ" ಎಂದು ಇವನು ಆರಂಭಿಸಿದ್ದು ಮನೆ ಬಂದರೂ ಮುಗಿದಿರಲಿಲ್ಲ. ಮನೆಯ ಬಾಗಿಲಲ್ಲಿ ಅಕ್ಕಪಕ್ಕದವರ ಮುಂದೆಯೂ ಒಂದು ಸುತ್ತು ಆಗಿತ್ತು. ಅವಳು ಕಾರು ಮಾರಿದಳು. ಅಂದಿನಿಂದ ಬಸ್ಸು.

ಅಂದು ಸಂಜೆ ಅವನು ಮನೆಗೆ ಬಂದವನೇ ಅಡುಗೆಮನೆಯ ಬಾಗಿಲಲ್ಲಿ ನಿಂತ. "ಇಲ್ಲಿ ಬಾ. ನೀನು ಒಳಗಿಂದ ಹೊರಗೆ ಬಾ, ನಾನು ಹೊರಗಿಂದ ಒಳಗೆ ಬರ್ತೀನಿ. ನೀನು ಈ ಕಡೆಯ ಮೂಲೆಗೆ ಹೋಗಬೇಕು, ನಾನು ಆ ಕಡೆಗೆ."

"ತಲೆ ನೆಟ್ಟಗಿದೆಯಾ?" ಎಂದಳು ಹೆಂಡತಿ. ಕೈಯಲ್ಲಿ ನೀರಿನ ತಂಬಿಗೆ. ಆದರೂ ಬಂದಳು. ಮೊದಲ ಸಲ ನಿಧಾನವಾಗಿ, ಸರಿಹೋಯಿತು. "ಈಗ ಬೇಗ." ಎರಡನೆಯ ಸಲ ಅರ್ಧ ತಂಬಿಗೆ ಅವನ ಎದೆಯ ಮೇಲಿತ್ತು.

"ತಪ್ಪು ಯಾರದು?" ಎಂದು ಅವನು ಒದ್ದೆ ಅಂಗಿಯಲ್ಲೇ ಕೇಳಿದ.

"ಬಾಗಿಲು ಕಿರಿದು ಅಂತ ಮದುವೆಯಾದ ದಿನದಿಂದ ಹೇಳ್ತಿದೀನಿ. ಇವತ್ತು ಕಿವಿಗೆ ಬಿತ್ತಾ?"

ರಜೆ ಸಿಕ್ಕ ದಿನ ಅವನು ತಂಗಿಯ ಅಂಗಡಿಗೆ ಹೋದ. ಪರದೆ, ದಿಂಬಿನ ಕವರು ಹೊಲಿಯುವ ಕಿರಿದಾದ ಕೋಣೆ. ಒಂದು ಗೋಡೆಯುದ್ದಕ್ಕೂ ಬಟ್ಟೆಯ ಸುರುಳಿಗಳು, ನಡುವೆ ಕತ್ತರಿಸುವ ಉದ್ದನೆಯ ಮೇಜು. ಅವಳು ಒಂದು ನೀಲಿ ಪರದೆಗೆ ಅಂಚು ಕಟ್ಟುತ್ತಿದ್ದಳು, ತುಟಿಗಳ ನಡುವೆ ಸಾಲಾಗಿ ಗುಂಡುಸೂಜಿಗಳು. ಬಾಯಿ ಬಿಡುವಂತಿರಲಿಲ್ಲ. ಅದೇ ಸುಸಮಯವೆಂದು ಅವನು ಒಂದೇ ಉಸಿರಿನಲ್ಲಿ ಹೇಳಿದ. ತೊಟ್ಟಿ, ಕತ್ತರಿ, ಬೂದು ಕಾರು, ಅಡುಗೆಮನೆಯ ಬಾಗಿಲು. "ಅವತ್ತು ನಿಂದೇನೂ ತಪ್ಪಿರಲಿಲ್ಲ. ನಾನೇ ಏನೂ ನೋಡದೆ ಬಾಯಿಗೆ ಬಂದಿದ್ದು ಮಾತಾಡಿದೆ."

ಅವಳು ಒಂದೊಂದೇ ಸೂಜಿ ತೆಗೆದು ಪರದೆಗೆ ಚುಚ್ಚಿದಳು. ಕೊನೆಯದನ್ನು ಚುಚ್ಚಿದ ಮೇಲೆ ತಲೆ ಎತ್ತಿದಳು.

"ನಂದು ತಪ್ಪಿಲ್ಲ ಅಂತ ನಂಗೆ ಅವತ್ತೇ ಗೊತ್ತಿತ್ತಲ್ಲ."

"ಮತ್ತೆ ಕಾರು ಯಾಕೆ ಮಾರಿದೆ? ಹೆದರಿದೆ ಅಂದ್ಕೊಂಡಿದ್ದೆ ನಾನು."

"ರಸ್ತೆಗೆ ಯಾರು ಹೆದರಿದ್ರು? ಬೀಗದಕೈ ತಿರುಗಿಸಿದ್ರೆ ಸಾಕು, ಎಂಜಿನ್ನಿಗಿಂತ ಮೊದಲು ನಿನ್ನ ಧ್ವನಿ ಶುರುವಾಗ್ತಿತ್ತು ಕಿವೀಲಿ. ಬಸ್ಸಲ್ಲಾದ್ರೆ ಆರಾಮಾಗಿ ನಿದ್ದೆ ಮಾಡಬಹುದು."

ಅವನಿಗೆ ನಿಂತ ನೆಲ ಬಿಸಿಯಾದಂತಾಯಿತು. ಬಟ್ಟೆಯ ಸುರುಳಿಯ ತುದಿಯನ್ನು ಎಳೆಯತೊಡಗಿದ.

"ಅದನ್ನ ಬಿಚ್ಚಬೇಡ, ಮತ್ತೆ ಸುತ್ತೋಳು ನಾನು" ಎಂದಳು ತಂಗಿ. ಆಮೇಲೆ, ಧ್ವನಿ ಬದಲಿಸಿ, "ಈಗ ಅಲ್ಲಿ ಏನು ಕಟ್ತಿದಾರೆ ಅದನ್ನ ಹೇಳು" ಎಂದಳು.

ಅವನು ದರ್ಜಿಯ ಸೀಮೆಸುಣ್ಣ ತೆಗೆದುಕೊಂಡು ಒಂದು ಹಳೆ ತುಂಡುಬಟ್ಟೆಯ ಮೇಲೆ ಬರೆದ. ಬರುವವರಿಗೊಂದು ಕೈ, ಹೋಗುವವರಿಗೊಂದು ಕೈ, ಒಂದರ ಮೇಲೊಂದು ಹಾಯುವ ಉದ್ದನೆಯ ಸೇತುವೆಗಳು. ಅವಳು ಬಟ್ಟೆಯನ್ನು ತನ್ನ ಕಡೆ ತಿರುಗಿಸಿಕೊಂಡು ಬೆರಳಿನಿಂದ ಗೆರೆ ಹಿಡಿದು ಹೋದಳು.

"ಇಲ್ಲಿ ಕತ್ತರಿಸಿ ಹೊಲಿದ್ರೆ ತೋಳು ಕತ್ತಿನಿಂದ ಹೊರಗೆ ಬರುತ್ತೆ. ಈ ದಾರಿ ಎಲ್ಲಿಗೂ ಸೇರಲ್ಲ."

ಅವನೂ ಬೆರಳಿಟ್ಟು ನೋಡಿದ. ನಿಜ, ಸೇರುತ್ತಿರಲಿಲ್ಲ. "ಹಾಗಾದ್ರೆ ಅವರು ಹೇಗೆ ಸೇರಿಸ್ತಿದಾರೆ?"

ಅಣ್ಣ ತಂಗಿ ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಅಂಗಡಿಗೆ ಬೀಗ ಬಿತ್ತು.

ಟೋಪಿ ಮೇಡಂ ಅವಳನ್ನು ತನ್ನ ತಗಡಿನ ಕಚೇರಿಯಲ್ಲಿ ಕೂರಿಸಿ ದೊಡ್ಡ ನಕಾಶೆ ಹರಡಿದಳು. ಕೊಕ್ಕೆಯಣ್ಣ ತನ್ನ ಚಿತ್ರದಲ್ಲಿ ಬಿಟ್ಟಿದ್ದದ್ದು ಒಂದೇ ಒಂದು ಸಣ್ಣ ಕೈ: ಹೆದ್ದಾರಿಯನ್ನು ಬಿಡುವವರನ್ನು ಬಹಳ ಹಿಂದೆಯೇ ಬೇರೆ ಮಾಡಿ, ಬರುವವರ ಕೆಳಗಿನಿಂದ ಹಾಯಿಸುವ ದಾರಿ. "ಓ, ಇದು ಪರದೆಗೆ ಹೊಲಿಯೋ ಒಳಪದರದ ಹಾಗೆ!" ಎಂದಳು ತಂಗಿ. ಆ ದಿನದಿಂದ ಅವಳಿಗೂ ತಲೆಗೆ ಹುಳ ಹೊಕ್ಕಿತು. ಬಸ್ಸಿನಲ್ಲಿ ನಿದ್ದೆ ಮಾಡುವುದನ್ನು ಬಿಟ್ಟು ಕಿಟಕಿಯಿಂದ ಕಂಬಗಳನ್ನು ನೋಡುತ್ತ ಬರತೊಡಗಿದಳು. "ಆ ಮೂರನೇ ಕಂಬ ಯಾಕೆ ಓರೆ?" "ತೊಲೆ ಕೆಳಗೆ ಆ ಕಪ್ಪು ರಬ್ಬರು ಯಾಕೆ?" ಎಂದು ಅಣ್ಣನಿಗೆ ಫೋನು. ಬಿಸಿಲಿಗೆ ತೊಲೆ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ, ಆಗ ಜರುಗಲು ರಬ್ಬರು ಬೇಕು ಎಂದು ಅವನು ಕೇಳಿ ತಿಳಿದು ಹೇಳುತ್ತಿದ್ದ. "ನನ್ನ ಸೊಂಟದ ಪಟ್ಟಿಯ ಎಲಾಸ್ಟಿಕ್ಕಿನ ಹಾಗೆ" ಎಂದು ಅವಳು ಒಪ್ಪಿಕೊಳ್ಳುತ್ತಿದ್ದಳು.

ಹೊಸ ದಾರಿ ತೆರೆದ ವಾರ ಇಬ್ಬರೂ ಅವನ ಕಾರಿನಲ್ಲಿ ಹೊರಟರು. ಅವನು ಹುಮ್ಮಸ್ಸಿನಲ್ಲಿ ವಿವರಿಸುತ್ತ ವಿವರಿಸುತ್ತ ಹಳೆಯ ಅಭ್ಯಾಸದಂತೆ ಸೇತುವೆಯವರೆಗೂ ಹೋದ. ಅಷ್ಟರಲ್ಲಿ ಹೊಸ ದಾರಿಯ ಕವಲು ಹಿಂದೆ ಉಳಿದಿತ್ತು. ಹಿಂದಕ್ಕೆ ತಿರುಗುವ ಹಾಗಿಲ್ಲ. ಮುಂದಿನ ಇಳಿದಾರಿ ಬರುವಷ್ಟರಲ್ಲಿ ಊರು ಕಣ್ಮರೆಯಾಗಿ ಪಕ್ಕದ ರಾಜ್ಯದ ಸ್ವಾಗತ ಫಲಕ ಎದುರಾಯಿತು. ತಂಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಬೋರ್ಡು ಬಾಗಿಲಿನಷ್ಟು ದೊಡ್ಡದಿತ್ತಲ್ಲಣ್ಣ!"

"ನೋಡಿದೆ. ಓದಲಿಲ್ಲ" ಎಂದು ಅವನು ಇಂಗು ತಿಂದ ಮಂಗನಂತೆ ಹೇಳಿದ.

ಪೆಟ್ರೋಲು ಬಂಕಿನಲ್ಲಿ ನಿಲ್ಲಿಸಿದಾಗ ಅವಳು ಇಳಿದು ಅವನ ಬಾಗಿಲ ಹತ್ತಿರ ಬಂದು ನಿಂತಳು. "ಸರಿ, ನೀನು ಆ ಕಡೆ ಹೋಗು." ಅವನು ಬೀಗದಕೈ ಕೊಟ್ಟು ಸುತ್ತಿ ಬಂದು ಕೂತ. ಮೊದಲ ಮೈಲಿ ಕಾರು ಸ್ವಲ್ಪ ಜಗ್ಗಿತು. ಅವನು ಕಿಟಕಿಯ ಹೊರಗಿನ ಹೊಲಗಳನ್ನು ಬಹಳ ಆಸಕ್ತಿಯಿಂದ ನೋಡಿದ. ಅವಳು ಫಲಕ ಓದಿದಳು, ಬೇಗನೆ ಬದಿಗೆ ಸರಿದಳು. ಬರುವವರ ಕೆಳಗಿನಿಂದ ಹಾಯುವ ಆ ಒಳಪದರದಲ್ಲಿ ಕಾರು ಇಳಿದು, ಎದ್ದು, ಇನ್ನೊಂದು ಹೆದ್ದಾರಿಗೆ ಕೂಡಿತು. ಯಾರೂ ಹಾರ್ನು ಹಾಕಲಿಲ್ಲ.

ಗಂಟಿನಲ್ಲಿ ಅಪಘಾತಗಳು ನಿಂತೇ ಹೋಗಲಿಲ್ಲ, ಆದರೆ ಬಹಳ ಕಡಿಮೆಯಾದವು. ಕೊಕ್ಕೆಯಣ್ಣನ ಕೆಲಸವೂ ಇಳಿಯಿತು. ಕೆಲವು ತಿಂಗಳು ಕಷ್ಟವಾಯಿತು. ಆಮೇಲೆ ಅವನು ರಸ್ತೆ ಕಟ್ಟುವ ಯಂತ್ರಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವ ಕೆಲಸ ಹಿಡಿದ. ಹೋದಲ್ಲೆಲ್ಲ ಇಳಿದು ನಿಂತು, ಯಾವ ದಾರಿ ಯಾವುದಕ್ಕೆ ಸೇರುತ್ತದೆ ಎಂದು ನೋಡುವುದು ಅವನಿಗೆ ಚಟವಾಯಿತು. ಆಗೀಗ ಎಳೆದು ತರುವ ಕಾರುಗಳ ಒಡೆಯರನ್ನು ಈಗ ಅವನು ಮೊದಲು ಕೇಳುತ್ತಿದ್ದದ್ದು, "ಅದಕ್ಕೆ ಮುಂಚೆ ನಿಮ್ಮ ಎಡಬಲ ಯಾರಿದ್ರು?" ಎಂದು.

ತಂಗಿ ಪರದೆಗಳನ್ನು ಮನೆಮನೆಗೆ ತಲುಪಿಸಲು ಒಂದು ಹಳೆಯ ವ್ಯಾನು ಕೊಂಡಳು. ಒಂದು ಮಧ್ಯಾಹ್ನ ಇಬ್ಬರೂ ಅದರಲ್ಲಿ ಹೊಸ ಸೇತುವೆ ಹತ್ತುವಾಗ ಚಕ್ರಗಳ ಕೆಳಗೆ ರಸ್ತೆ ಗುಂಯ್ ಎಂದು ಹಾಡಿತು. ತಿರುವಿನ ಹತ್ತಿರ ಆ ಸ್ವರ ಸ್ವಲ್ಪ ಬದಲಾಯಿತು.

"ಯಾಕೆ?" ಎಂದಳು ತಂಗಿ.

ಇಳಿದಾರಿಯಲ್ಲಿ ಇಳಿದು ತಂಗಿ ವ್ಯಾನು ನಿಲ್ಲಿಸಿದಳು, ಅವನು ಟೋಪಿ ಮೇಡಂಗೆ ಫೋನು ಮಾಡಿದ. ಮೇಡಂ ಆಗಲೇ ದೂರದ ಇನ್ನೊಂದು ಕೆಲಸಕ್ಕೆ ಹೋಗಿದ್ದಳು, ಹಿಂದೆ ಯಂತ್ರಗಳ ಸದ್ದು ಕೇಳುತ್ತಿತ್ತು.

"ಅದು ಮಳೆನೀರು ಹರಿದು ಹೋಗೋಕೆ ಕಾಂಕ್ರೀಟಿನಲ್ಲಿ ಕೊರೆದ ಗೆರೆಗಳು. ಚಕ್ರ ಅದರ ಮೇಲೆ ಉರುಳಿದ್ರೆ ಹಾಡುತ್ತೆ."

"ತಿರುವಲ್ಲಿ ಸ್ವರ ಬದಲಾಗುತ್ತಲ್ಲ ಮೇಡಂ?"

"ಬದಲಾಗುತ್ತಾ? ಏರುತ್ತಾ, ಇಳಿಯುತ್ತಾ?"

"ಏರುತ್ತೆ" ಎಂದ ಅವನು. "ಇಳಿಯುತ್ತೆ" ಎಂದಳು ಪಕ್ಕದಿಂದ ತಂಗಿ.

"ಇನ್ನೊಂದು ಸಲ ಹೋಗಿ ಕೇಳಿಸಿಕೊಂಡು ಹೇಳ್ತೀರಾ? ನಂಗೂ ಗೊತ್ತಿಲ್ಲ" ಎಂದಳು ಟೋಪಿ ಮೇಡಂ.

ತಂಗಿ ಅಷ್ಟರಲ್ಲೇ ಗೇರು ಹಾಕಿದ್ದಳು.