ಬಿಲ್ಡ್ ಮುಗಿಯುವ ತನಕ ಚಾಯ್

ದೊಡ್ಡನೆಕ್ಕುಂದಿಯ ಆಫೀಸಿನಲ್ಲಿ ನನ್ನ ಪಕ್ಕದ ಕುರ್ಚಿ ಒಬ್ಬ ಸೀನಿಯರ್ ಮೇಡಂ ಅವರದು. ಕೋಡನ್ನು ಬಿಲ್ಡ್ ಮಾಡುವ, ಅಂದರೆ ಓಡಬಲ್ಲ ಪ್ರೋಗ್ರಾಮಾಗಿ ಜೋಡಿಸಿಕೊಡುವ, ಹೊಸ ಓಪನ್ ಸೋರ್ಸ್ ಟೂಲನ್ನು ಯಾರು ಹೊಗಳುತ್ತ ಬಂದರೂ ಅವರದು ಒಂದೇ ಮಾತು: "ಮೊದ್ಲು ಕೆಡಿಸಿ ನೋಡೋಣ." ಬಳೆಗಳನ್ನು ಮೇಲಕ್ಕೆ ಸರಿಸಿಕೊಂಡು, ಸರಿಯಾಗಿದ್ದ ಕೋಡಿನಿಂದ ಬೇಕೆಂದೇ ಒಂದು ಬ್ರಾಕೆಟ್ ಅಳಿಸುತ್ತಿದ್ದರು.

ಒಮ್ಮೆ ಎರಡು ಟೂಲುಗಳಲ್ಲಿ ಒಂದನ್ನು ಆರಿಸಬೇಕಿತ್ತು. ನಮಗೆಲ್ಲ ವೇಗದ್ದೇ ಬೇಕಿತ್ತು. ಬ್ರಾಕೆಟ್ ಹೋದದ್ದೇ ತಡ, ಅದು ಪರದೆ ತುಂಬ ಕೆಂಪು ಅಕ್ಷರ ಸುರಿಯಿತು. ತಪ್ಪು ಎಲ್ಲಿದೆಯೆಂದು ಮಾತ್ರ ಹೇಳಲಿಲ್ಲ. ಇನ್ನೊಂದು ಬಹಳ ಹೊತ್ತು ತೆಗೆದುಕೊಂಡಿತು. ಕೊನೆಗೆ ಸಾಲನ್ನು ತೋರಿಸಿ, ಇಲ್ಲೊಂದು ಬ್ರಾಕೆಟ್ ಬಿಟ್ಟುಹೋಗಿರಬಹುದು ಎಂದಿತು.

"ಇದು ಬೈಯಲ್ಲ, ತೋರಿಸುತ್ತೆ. ಇದೇ ಇರ್ಲಿ," ಎಂದರು ಮೇಡಂ.

"ತುಂಬಾ ಸ್ಲೋ ಅಲ್ವಾ ಮೇಡಂ?" ಎಂದೆ.

"ಇರ್ಲಿ ಬಿಡಿ. ಅಷ್ಟರಲ್ಲಿ ಚಾಯ್ ಕುಡ್ದು ಬರೋಣ."

ಅಂದಿನಿಂದ ಬಿಲ್ಡ್ ಶುರು ಮಾಡಿ ಗೇಟಿನಾಚೆಯ ಅಂಗಡಿಗೆ ಹೋಗುವುದು ರೂಢಿಯಾಯಿತು. ಅವರು ಶಿವಾಜಿನಗರದವರು. "ನಮ್ ಕಡೆ ಚಾಯ್ ಮುಂದೆ ಇದು ಬರೀ ಬಿಸಿನೀರು ರೀ," ಎಂದು ಗೊಣಗಿ ಇನ್ನೊಂದು ಲೋಟ ಹೇಳುತ್ತಿದ್ದರು.

ಅವರು ಬೇರೆ ಕಂಪನಿಗೆ ಹೋದ ಮೇಲೆ ಮತ್ತೊಂದು ಟೂಲ್ ಬಂತು. ನಾನೇ ಒಂದು ಬ್ರಾಕೆಟ್ ಅಳಿಸಿ ನೋಡಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ತಪ್ಪಿರುವ ಜಾಗ ತೋರಿಸಿತು, ಬೈಯದೆಯೇ. ಮೇಡಂ ಕೂಡ ಇದನ್ನೇ ಆರಿಸುತ್ತಿದ್ದರು.

ಆದರೂ ಬಿಲ್ಡ್ ಶುರು ಮಾಡಿದೊಡನೆ ಚಾಯಿಗೆಂದು ಏಳಲು ಹೋಗುತ್ತೇನೆ. ಕುರ್ಚಿ ಹಿಂದಕ್ಕೆ ಸರಿಸುವುದರೊಳಗೆ ಅದು ಮುಗಿದಿರುತ್ತದೆ.