ದೇವರ ಜಗಲಿ ಮೇಲಿನ ವಾಚು

ಚಳ್ಳಕೆರೆ ಮಂಡಿಯಲ್ಲಿ ನಮ್ಮ ಪಕ್ಕದಂಗಡಿಯ ಹಾಲೇಶಪ್ಪನಷ್ಟು ಶೇಂಗಾ ಬಲ್ಲವರಿರಲಿಲ್ಲ. ಒಂದು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಸಾಕು, ಒಳಗಿನ ಕಾಳು ಗಟ್ಟಿಯೋ ಜೊಳ್ಳೋ ಹೇಳಿಬಿಡುತ್ತಿದ್ದ.

ತೊಂಬತ್ತನಾಲ್ಕರಲ್ಲಿ ಮಗಳು ಗಂಗಾಂಬಿಕಾಳನ್ನು ಮೊಳಕಾಲ್ಮೂರಿನ ಸೀರೆ ವ್ಯಾಪಾರದ ಮನೆಗೆ ಕೊಡುವುದೆಂದು ನಿಶ್ಚಯವಾಯಿತು. ಅಳಿಯ ಸಿದ್ದಲಿಂಗೇಶನಿಗೆ ವರಪೂಜೆಯಲ್ಲಿ ಕಟ್ಟಲು ಊರಲ್ಲೇ ಇಲ್ಲದಂಥ ವಾಚು ಬೇಕೆಂದು ಹಾಲೇಶಪ್ಪ ಹಟ ಹಿಡಿದ. ಬೊಂಬಾಯಿಗೆ ಎಣ್ಣೆ ಲಾರಿ ಓಡಿಸುತ್ತಿದ್ದ ಬಾಲ್ಯದ ಗೆಳೆಯ ಜಯಣ್ಣ, ಎರಡು ಎಮ್ಮೆಯ ಬೆಲೆಗೆ ಫಾರಿನ್ ಆಟೋಮ್ಯಾಟಿಕ್ ವಾಚು ತಂದುಕೊಟ್ಟ. ಕೀಲಿ ಬೇಡ, ಸೆಲ್ಲು ಬೇಡ, ತಾನಾಗಿಯೇ ಓಡುತ್ತದೆ ಎಂದಷ್ಟೇ ಬೊಂಬಾಯಿಯ ಅಂಗಡಿಯವನು ಅವನಿಗೂ ಹೇಳಿದ್ದು.

ಅಳಿಯನಿಗಿಂತ ಮೊದಲು ಇನ್ನೊಬ್ಬರ ಕೈಗೆ ಏರಿದರೆ ಎಂಜಲಾದಂತೆ ಎಂದು ಹಾಲೇಶಪ್ಪ ಅದನ್ನು ಡಬ್ಬಿ ಸಮೇತ ದೇವರ ಜಗಲಿಯ ಮೇಲಿಟ್ಟ. ತಿಂಗಳಿಡೀ ಅದಕ್ಕೂ ವಿಭೂತಿ, ಊದುಬತ್ತಿ. ಮುಟ್ಟಲು ಹೆಂಡತಿಗೂ ಬಿಡಲಿಲ್ಲ.

ವರಪೂಜೆಯ ದಿನ ನೂರಾರು ಜನರೆದುರು ಡಬ್ಬಿ ತೆರೆದರೆ ಮುಳ್ಳು ನಿಂತಿತ್ತು. ಬೀಗರ ಕಡೆಯವರು ಮುಸಿಮುಸಿ ನಕ್ಕರು. ಹಾಲೇಶಪ್ಪ ಅವತ್ತೇ ದುರ್ಗದಿಂದ ಇನ್ನೊಂದು ವಾಚು ತರಿಸಿ ಕಟ್ಟಿದ. ನಿಂತದ್ದನ್ನೂ ಬೀಗರೇ ಇಟ್ಟುಕೊಂಡರು. ವಾರದ ಮೇಲೆ ಬೊಂಬಾಯಿಯಿಂದ ಬಂದ ಜಯಣ್ಣನನ್ನು ಹಾಲೇಶಪ್ಪ ಮಂಡಿಯ ನಡುವೆ ನಿಲ್ಲಿಸಿ, ಉಂಡ ಮನೆಗೆ ಎರಡು ಬಗೆದವನು ಎಂದು ಬೈದ. ಆ ವಾಚನ್ನು ಒಮ್ಮೆ ತೋರಿಸು ಎಂದು ಜಯಣ್ಣ ಬೇಡಿಕೊಂಡದ್ದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ನಾವೆಲ್ಲ ಹಾಲೇಶಪ್ಪನನ್ನೇ ನಂಬಿದೆವು. ಈಗ ನೆನೆದರೆ ನಾಚಿಕೆಯಾಗುತ್ತದೆ. ಎಣ್ಣೆ ಮಿಲ್ಲಿನವರು ಜಯಣ್ಣನ ಲಾರಿಗೆ ಬಾಡಿಗೆ ಕೊಡುವುದನ್ನೇ ಬಿಟ್ಟರು.

ಏಳು ವರ್ಷದ ಮೇಲೆ ಒಂದು ಮಧ್ಯಾಹ್ನ ನಾನೂ ಹಾಲೇಶಪ್ಪನೂ ಹೇಳಿ ಕಳಿಸದೆ ಮೊಳಕಾಲ್ಮೂರಿಗೆ ಹೋದೆವು. ಅಳಿಯನ ಕೈಯಲ್ಲಿ ಅದೇ ವಾಚು, ಚೆನ್ನಾಗಿ ಓಡುತ್ತಿತ್ತು. ಯಾವಾಗ ರಿಪೇರಿ ಮಾಡಿಸಿದಿರಿ ಎಂದು ಹಾಲೇಶಪ್ಪ ಕೇಳಿದ.

“ರಿಪೇರಿ ಯಾಕ್ ಮಾವ? ಮದ್ವೆ ಮಾರನೇ ದಿನ ಕೈಗೆ ಕಟ್ಟಿದ್ ಕೂಡ್ಲೇ ಓಡ್ತು. ಕೈ ಆಡ್ತಿರ್ಬೇಕು ಅಷ್ಟೆ.”

ಹಾಲೇಶಪ್ಪ ಮಗಳ ಕಡೆ ತಿರುಗಿದ. “ನಿಂಗೂ ಗೊತ್ತಿತ್ತೇನವ್ವ?”

ಗೊತ್ತಾದರೆ ಅಪ್ಪ ಒಂದು ವಾಚು ವಾಪಸು ಕೇಳುತ್ತಾರೆ, ಬಾಯಿ ಬಿಡಬೇಡ ಎಂದು ಅತ್ತೆ ಹೇಳಿದ್ದರು ಎಂದಳು ಗಂಗಾಂಬಿಕಾ. ಹಾಲೇಶಪ್ಪ ಊಟ ಮುಟ್ಟದೆ ಎದ್ದುಬಂದ. ಹೆತ್ತ ಮಗಳೇ ಹೀಗೆ ಮಾಡಿದಳಲ್ಲ ಎಂದು ಬಸ್ಸಿನಲ್ಲಿ ಅತ್ತ.

ಬಸ್ಸಿಳಿದವನೇ ಜಯಣ್ಣನ ಮನೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿ, ಎಲ್ಲರೂ ಸೇರಿ ನನಗೆ ಮೋಸ ಮಾಡಿದರು ಎಂದ. ಜಯಣ್ಣ ಹೊಸ್ತಿಲಲ್ಲೇ ನಿಂತು ಕೊನೆಯವರೆಗೂ ಕೇಳಿದ.

“ಒಂದು ಶೇಂಗಾಕಾಯಿನೂ ಅಲ್ಲಾಡ್ಸಿ ನೋಡ್ದೆ ಬಿಡಲ್ಲ ನೀನು. ನನ್ನ ಒಂದ್ ಮಾತು ಕೇಳ್ಲಿಲ್ವಲ್ಲೋ,” ಎಂದು ಬಾಗಿಲು ಹಾಕಿಕೊಂಡ.